ಮಾಳಿಗೆಯ ಹುಳ, ಗಾಜಿನ ಮನೆಯ ಚಿಟ್ಟೆ

ಫೆಬ್ರವರಿ ೪

ತಂಗೀ,

ಡಬ್ಬವನ್ನು ನಿನ್ನ ಭಾವನ ಬಸ್ಸಿನಲ್ಲೇ ಕಳಿಸಿದ್ದೀನಿ. ಡ್ರೈವರ್ ಸೀಟಿನ ಹಿಂದೆ, ಬಿಸಿಲು ಬೀಳದ ಕಡೆ ಇಟ್ಟುಕೊಂಡು ಬರ್ತಾರೆ. ನಿಲ್ದಾಣಕ್ಕೆ ಯಾರನ್ನಾದರೂ ಕಳಿಸು. ನೂರ ಇಪ್ಪತ್ತು ಚಿಟ್ಟೆ ಕೋಶ ಇದೆ. ಒಂದೊಂದನ್ನೂ ಕೋಳಿ ಗರಿಯ ತುದಿಯಿಂದ ಮುಟ್ಟಿ ನೋಡಿದ್ದೀನಿ. ಜೀವ ಇರೋದು ಮುಟ್ಟಿದರೆ ಸೊಂಟ ಕೊಡವುತ್ತೆ, ಸತ್ತದ್ದು ಸುಮ್ಮನಿರುತ್ತೆ. ನಿನಗೆ ಇದನ್ನ ಹೇಳಬೇಕಾಗಿಲ್ಲ. ಗರಿ ಹಿಡಿಯೋದನ್ನ ಅಮ್ಮ ನಮ್ಮಿಬ್ಬರಿಗೂ ಒಂದೇ ದಿನ ಕಲಿಸಿದ್ದು. ನಿಂಬೆ ಸಸಿ ತಿನ್ನೋ ಹುಳ ಹೆಕ್ಕಿ ಹೊಸಕಿ ಹಾಕು ಅಂತ ನರ್ಸರಿಯವರು ಸಂಬಳ ಕೊಟ್ಟರೆ, ಹೊಸಕೋಕೆ ಮನಸ್ಸು ಬಾರದೆ ಬಿಸ್ಕತ್ ಡಬ್ಬದಲ್ಲಿ ತುಂಬಿಕೊಂಡು ಮನೆಗೆ ತರ್ತಿದ್ದಳಲ್ಲ, ಆಗ.

ನಿಮ್ಮ ಚಿಟ್ಟೆಗಳ ಗಾಜಿನ ಮನೆಯ ಗೋಡೆಗೆ ಬೋರ್ಡು ಹಾಕಬೇಕು, ಚಿಟ್ಟೆ ಆಗೋ ಮೊದಲು ಅದು ಏನೇನಾಗಿರುತ್ತೆ ಅಂತ ಬರೆದು ಕಳಿಸು ಅಂದೆ. ಸರಿ, ಬರೀತೀನಿ. ಕಾಗದವೇ ವಾಸಿ. ಫೋನಿನಲ್ಲಿ ನಾವಿಬ್ಬರೂ ಮೂರು ನಿಮಿಷ ದಾಟಿದರೆ ಯಾರಾದರೊಬ್ಬರು ಇಟ್ಟುಬಿಡ್ತೀವಿ. ಕಾಗದದಲ್ಲಿ ಕೊನೇ ತನಕ ಹೇಳಬಹುದು, ನಡುವೆ ಬಾಯಿ ಹಾಕೋರಿಲ್ಲ.

ಮೊಟ್ಟೆಯಿಂದ ಶುರು ಮಾಡ್ತೀನಿ. ಹೆಣ್ಣು ಚಿಟ್ಟೆ ನಿಂಬೆಯ ಎಳೇ ಚಿಗುರನ್ನೇ ಹುಡುಕಿಕೊಂಡು ಬರುತ್ತೆ. ನೆಮ್ಮದಿಯಾಗಿ ಕೂರೋದೂ ಇಲ್ಲ. ರೆಕ್ಕೆ ಬಡೀತಾ ಬಡೀತಾನೇ ಒಂದು ಎಲೆಗೆ ಒಂದು, ಇನ್ನೊಂದು ಎಲೆಗೆ ಇನ್ನೊಂದು ಮೊಟ್ಟೆ ಅಂಟಿಸಿ ಹೋಗುತ್ತೆ. ಸಾಸಿವೆ ಕಾಳಿನಷ್ಟು, ತಿಳಿ ಹಳದಿ. ಒಂದೇ ಎಲೆ ಮೇಲೆ ಎರಡು ಇಟ್ಟರೆ ಮಕ್ಕಳು ಒಂದಕ್ಕೊಂದು ಕಚ್ಚಾಡ್ತಾವೆ ಅಂತ ಆ ಹುಳಕ್ಕೂ ಗೊತ್ತು. ನಮ್ಮಮ್ಮನಿಗೆ ಗೊತ್ತಾಗಲಿಲ್ಲ. ಈ ಕೊನೇ ಸಾಲು ಬೋರ್ಡಿಗೆ ಬೇಡ.

ಅಮ್ಮ ಚೆನ್ನಾಗಿದ್ದಾಳೆ. ಮಂಡಿ ಮಾತ್ರ ಹಾಗೇ ಇದೆ. ಮಾಳಿಗೆಯ ಮೆಟ್ಟಿಲು ಇಪ್ಪತ್ತೆರಡು, ಅವಳು ಅದನ್ನ ಹತ್ತಿ ಎರಡು ವರ್ಷವಾಯ್ತು. ಕೆಳಗಿಂದಲೇ ಕೂಗಿ ನನಗೆ ಹುಳ ಸಾಕೋದು ಹೇಳಿಕೊಡ್ತಾಳೆ. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಕೇಳೋದು ಒಂದೇ: "ಗಿಣಿ ಫೋನ್ ಮಾಡಿದ್ದಳಾ?"

ನಿನ್ನ
ಅಕ್ಕ


ಫೆಬ್ರವರಿ ೨೧

ಅಕ್ಕಾ,

ನೂರ ಇಪ್ಪತ್ತರಲ್ಲಿ ನೂರ ಹದಿನೇಳು ಒಡೆದವು. ಇಲ್ಲಿ ಯಾರೂ ನಂಬಲಿಲ್ಲ. ಬೇರೆ ಕಡೆಯಿಂದ ಬರೋ ಡಬ್ಬಗಳಲ್ಲಿ ಮುಕ್ಕಾಲು ಬದುಕಿದರೆ ಹೆಚ್ಚು.

ನೀನು ಇದನ್ನ ಇಲ್ಲಿ ನಿಂತು ನೋಡಬೇಕಿತ್ತು. ಕೋಶಗಳನ್ನ ಕಡ್ಡಿಗೆ ಸಾಲಾಗಿ ಅಂಟಿಸಿ ಗಾಜಿನ ಕಪಾಟಿನಲ್ಲಿ ಇಡ್ತೀವಿ. ಎಂಟು ಗಂಟೆಗೆ ಬಾಗಿಲು ತೆಗೀತೀವಿ, ಆ ಹೊತ್ತಿಗೇ ಅವು ಒಡೆಯೋಕೆ ಶುರು. ಬೆನ್ನು ಸೀಳುತ್ತೆ, ತಲೆ ಬರುತ್ತೆ, ಆಮೇಲೆ ಮುದುಡಿದ ಒದ್ದೆ ಚಿಂದಿಯಂಥ ರೆಕ್ಕೆ. ತಲೆಕೆಳಗಾಗಿ ಜೋತುಬಿದ್ದು ಅದು ರೆಕ್ಕೆಗೆ ರಕ್ತ ತುಂಬುತ್ತಿರುವಾಗ ಕಪಾಟಿನ ಮುಂದೆ ಐವತ್ತು ಜನ ಇದ್ದರೂ ಉಸಿರು ಕೇಳಿಸುತ್ತೆ. ಕಪ್ಪಿನ ಮೇಲೆ ಹಳದಿ ತೇಪೆ, ಹಿಂದಿನ ರೆಕ್ಕೆಯಲ್ಲಿ ಆ ಕೆಂಪು ಚುಕ್ಕೆ. ಒಂದು ಗಂಟೆಯಲ್ಲಿ ರೆಕ್ಕೆ ಗಟ್ಟಿ. ನಾನು ಕೈ ಒಳಗಿಟ್ಟರೆ ಬೆರಳಿಗೆ ಹತ್ತುತ್ತೆ, ಹೊರಗೆ ತಂದು ಬಿಡ್ತೀನಿ. ಜನ ಚಪ್ಪಾಳೆ ತಟ್ಟುತ್ತಾರೆ. ನನಗೆ ನಾಚಿಕೆಯಾಗುತ್ತೆ, ಆದರೂ ಚೆನ್ನಾಗಿರುತ್ತೆ.

ಅಮ್ಮನಿಗೆ ಒಂದು ಜೊತೆ ಮೆತ್ತನೆಯ ಚಪ್ಪಲಿ ಕಳಿಸಿದ್ದೀನಿ, ಮಂಡಿ ನೋವಿಗೆ ಒಳ್ಳೇದಂತೆ. ಅಳತೆ ಅಂದಾಜಿನದು. ಹುಳದ ಭಾಗ ಬೇಗ ಬರೆದು ಕಳಿಸು, ಬೋರ್ಡಿನವನು ಕಾಯ್ತಿದ್ದಾನೆ.

ತಂಗಿ


ಮಾರ್ಚ್ ೧೫

ತಂಗೀ,

ಚಪ್ಪಲಿ ಒಂದು ಬೆರಳು ದೊಡ್ಡದಾಯ್ತು. ಅಮ್ಮನಿಗೆ ಅದು ಕಾಣಿಸಲಿಲ್ಲ. ಮನೆಯೊಳಗೂ ಅದೇ, ಮಂಚದ ಮೇಲೂ ಅದೇ. ಪಕ್ಕದ ಮನೆಯಾಕೆ ಬಂದರೆ ಕಾಲು ಮುಂದೆ ಚಾಚಿ ಕೂರ್ತಾಳೆ. "ಗಿಣಿ ಕಳಿಸಿದ್ದು." ದಿನಾ ಆ ಕಾಲಿಗೆ ಎಣ್ಣೆ ತಿಕ್ಕೋ ಕೈ ಯಾರದು ಅಂತ ಪಕ್ಕದ ಮನೆಯಾಕೆಯೂ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಲಿಲ್ಲ ಹಿರಿಯರು.

ಹುಳದ ವಿಷಯ. ಮೂರು ನಾಲ್ಕು ದಿನಕ್ಕೆ ಮೊಟ್ಟೆಯಿಂದ ಬರುತ್ತೆ, ಬಂದ ಕೂಡಲೇ ತಾನಿದ್ದ ಚಿಪ್ಪನ್ನೇ ತಿನ್ನುತ್ತೆ. ಮೊದಲ ದಿನಗಳಲ್ಲಿ ನೋಡೋಕೆ ಥೇಟ್ ಹಕ್ಕಿ ಹಿಕ್ಕೆ. ಕಂದು, ಮಧ್ಯೆ ಬಿಳಿ ಮಚ್ಚೆ. ಹಿಕ್ಕೆಯನ್ನ ಯಾವ ಹಕ್ಕಿ ತಿನ್ನುತ್ತೆ? ಹಾಗೆ ಬದುಕಿಕೊಳ್ಳುತ್ತೆ. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಹಸಿರಾಗುತ್ತೆ, ಎಲೆಯ ಹಸಿರು. ಆಗ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಕೊಂಬು ತೆಗೀತದೆ, ಕೊಳೆತ ನಿಂಬೆಯ ವಾಸನೆ. ನನ್ನ ಬೆರಳಿಗೆ ಆ ವಾಸನೆ ಇಪ್ಪತ್ತು ವರ್ಷದಿಂದ ಇದೆ. ಸೋಪಿಗೆ ಹೋಗೋದಿಲ್ಲ.

ಕೊನೆಗೆ ತಿನ್ನೋದು ಬಿಟ್ಟು, ಒಂದು ಕಡ್ಡಿ ಹುಡುಕಿ, ಸೊಂಟಕ್ಕೆ ತಾನೇ ಒಂದು ರೇಷ್ಮೆ ಎಳೆ ಕಟ್ಟಿಕೊಂಡು ಒರಗಿಕೊಳ್ಳುತ್ತೆ. ಮಾರನೇ ದಿನ ಚರ್ಮ ಕಳಚಿ ಕೋಶವಾಗುತ್ತೆ. ಹಸಿರು ಎಲೆ ನಡುವೆ ಇದ್ದರೆ ಹಸಿರು ಕೋಶ, ಒಣ ಕಡ್ಡಿಯಾದರೆ ಕಂದು. ಕೋಶ ಇನ್ನೂ ಮೆತ್ತಗಿರೋ ಆ ಕೆಲವು ಗಂಟೆಗಳೇ ಗಂಡಾಂತರ. ಎಳ್ಳು ಕಾಳಿಗಿಂತ ಸಣ್ಣ ಒಂದು ಕಣಜ ಇದೆ. ಹುಳದ ಬೆನ್ನ ಮೇಲೇ ಕೂತು ಕಾಯುತ್ತೆ. ಚರ್ಮ ಕಳಚಿದ ಕೂಡಲೇ ಚುಚ್ಚಿ ಒಳಗೆ ಮೊಟ್ಟೆ ಇಟ್ಟುಬಿಡುತ್ತೆ. ಹೊರಗಿಂದ ನೋಡಿದರೆ ಕೋಶವೇ. ಎರಡು ಮೂರು ವಾರಕ್ಕೆ ಚಿಟ್ಟೆ ಬರೋ ಬದಲು ಚಿಕ್ಕ ತೂತಿನಿಂದ ನೂರು ಕಣಜ ಬರ್ತಾವೆ. ಅದಕ್ಕೇ ನಾನು ಬಲೆ ಬಲೆ ಅಂತ ಸಾಯೋದು.

ಇಷ್ಟನ್ನೂ ನೀನು ಬೋರ್ಡಿಗೆ ಹಾಕು. ಹಿಕ್ಕೆ ಗುಡಿಸೋದು, ಎಲೆ ಒರೆಸೋದು, ಸತ್ತದ್ದನ್ನ ಹೆಕ್ಕೋದು ಎಲ್ಲ ಮಾಳಿಗೆ ಮೇಲೆ. ರೆಕ್ಕೆ ಬರೋ ದಿನ ಅದು ನಿನ್ನ ಹತ್ತಿರ ಇರುತ್ತೆ. ಕೈ ಕೆಸರು ನನ್ನದು, ಬಾಯಿ ಮೊಸರು ನಿನ್ನದು. ನಗ್ತಾ ಬರೀತಿದ್ದೀನಿ, ತಪ್ಪು ತಿಳೀಬೇಡ.

ಒಂದು ಮಾತು ಕೇಳ್ತೀನಿ. ನಿನಗೆ ಗಿಣಿ ಅಂತ ಹೆಸರಿಟ್ಟಳು ಅಮ್ಮ. ನನಗೆ "ದೊಡ್ಡವಳು." ಅದು ಹೆಸರಲ್ಲ, ಕೆಲಸ. ನಿನಗೆ ಎಂದಾದರೂ ಹಾಗೆ ಅನ್ನಿಸಿತ್ತಾ?

ಅಕ್ಕ


ಏಪ್ರಿಲ್ ೯

ಅಕ್ಕಾ,

ತಡವಾಯ್ತು, ಬೇಜಾರು ಮಾಡಿಕೊಳ್ಳಬೇಡ. ಗಾಜಿನ ಮನೆಗೆ ಹೊಸ ಭಾಗ ಕಟ್ತಿದ್ದಾರೆ, ದಿನವಿಡೀ ಸಿಮೆಂಟಿನ ಧೂಳಿನ ಜೊತೆ ಜಗಳ.

ಬೋರ್ಡು ಬಂತು. ನೀನು ಬರೆದದ್ದನ್ನ ಹೆಚ್ಚುಕಡಿಮೆ ಹಾಗೇ ಹಾಕಿದ್ದೀವಿ. ಕೆಳಗೆ ಕಚೇರಿಯವರು ಸಂಸ್ಥೆಯ ಹೆಸರನ್ನೂ ಮೇಲ್ವಿಚಾರಕಿ ಅಂತ ನನ್ನ ಹೆಸರನ್ನೂ ಹಾಕಿಬಿಟ್ಟರು. ನೋಡೋ ಹೊತ್ತಿಗೆ ಅಚ್ಚಾಗಿತ್ತು. ಇದರ ಜೊತೆ ಪತ್ರಿಕೆಯ ತುಂಡೊಂದು ಇದೆ. ತಲೆಬರಹ ಅವರೇ ಕೊಟ್ಟದ್ದು, ನಾನು ಹೇಳಿದ್ದಲ್ಲ. ಅಮ್ಮನಿಗೆ ಓದಿ ಹೇಳು.

ಮೇ ಹತ್ತಕ್ಕೆ ಹೊಸ ಭಾಗದ ಉದ್ಘಾಟನೆ. ಅಮ್ಮನನ್ನ ಕಳಿಸು ಅಕ್ಕ. ಭಾವನ ಬಸ್ಸಿನಲ್ಲೇ ಮುಂದಿನ ಸೀಟಿನಲ್ಲಿ ಕೂರಿಸಿದರೆ ಎಂಟು ಗಂಟೆ ಹೇಗೋ ಕಳೆದುಹೋಗುತ್ತೆ. ನನ್ನ ಮನೆ ಎರಡನೇ ಮಹಡಿ, ಆದರೆ ಲಿಫ್ಟ್ ಇದೆ. ಹನ್ನೊಂದು ವರ್ಷದಲ್ಲಿ ಅವಳು ಒಂದು ಸಲವೂ ನನ್ನ ಕೆಲಸ ನೋಡಿಲ್ಲ. ಆ ದಿನ ಕಪಾಟಿನ ಎದುರು ಮೊದಲ ಕುರ್ಚಿ ಅವಳಿಗೆ. ಇನ್ನೂರು ಕೋಶ ಬೇಕು, ಎಲ್ಲ ನಿನ್ನವೇ ಇರಲಿ. ಬೇರೆಯವರದ್ದನ್ನ ನಾನು ನಂಬೋದಿಲ್ಲ.

ತಂಗಿ

ನೀನೂ ಬರಬಹುದಲ್ಲ?


ಮೇ ೬

ತಂಗೀ,

ಪತ್ರಿಕೆಯ ತುಂಡನ್ನ ಅಮ್ಮನಿಗೆ ಓದಿ ಹೇಳಿದೆ. "ಚಿಟ್ಟೆಗಳ ತಾಯಿ." ನಾಲ್ಕು ಸಲ ಓದಿಸಿದಳು. ಈಗ ದಿಂಬಿನ ಕೆಳಗಿದೆ.

ನಾನು ಬರೋಕಾಗೋದಿಲ್ಲ. ಮುನ್ನೂರು ಹುಳ ತಿನ್ನೋ ಕಾಲದಲ್ಲಿದಾವೆ, ದಿನಕ್ಕೆ ಮೂರು ಸಲ ಎಲೆ ಬೇಕು. ನಿನ್ನ ಕಾಗದದಲ್ಲಿ ನನ್ನನ್ನ ಕರೆದದ್ದು ಸಹಿ ಹಾಕಿದ ಮೇಲೆ, ಹಾಗಾಗಿ ನಿನಗೂ ಅದು ಗೊತ್ತಿದ್ದಿರಬೇಕು.

ಅಮ್ಮ ಬರ್ತಿದ್ದಾಳೆ. ಮಾತ್ರೆ ನೀಲಿ ಚೀಲದಲ್ಲಿದೆ. ಬೆಳಗ್ಗೆ ಬಿಳಿದು, ಊಟ ಆದ ಮೇಲೆ ಹಳದಿ ಎರಡು. ಕೋಶ ಇನ್ನೂರಿದೆ. ಹಸಿರು ಎಂಬತ್ತು, ಉಳಿದದ್ದು ಕಂದು. ಈ ಸಲ ಪುರುಸೊತ್ತಿರಲಿಲ್ಲ, ಬೇಗ ಬೇಗ ತುಂಬಿದೆ.

ಎಲ್ಲ ಚೆನ್ನಾಗಿ ನಡೆಯಲಿ.

ಅಕ್ಕ


ಮೇ ೧೩

ಅಕ್ಕಾ,

ಫೋನ್ ಮಾಡೋಕೆ ಎರಡು ಸಲ ಕೈ ಹೋಯ್ತು. ಬರೆಯೋದೇ ಸರಿ ಅನ್ನಿಸಿತು.

ಅಮ್ಮ ಕ್ಷೇಮವಾಗಿ ಬಂದಳು. ಬಂದ ದಿನದಿಂದ ನನ್ನ ಕಿವಿ ತೂತಾಗಿದೆ. ಬೆಳಗ್ಗೆ ಎದ್ದ ಕೂಡಲೇ, "ದೊಡ್ಡವಳು ಹುಳಕ್ಕೆ ಎಲೆ ಹಾಕಿದಳೋ ಇಲ್ಲವೋ." ಊಟಕ್ಕೆ ಕೂತರೆ, "ಅವಳು ನಿಂತುಕೊಂಡೇ ತಿಂತಿರ್ತಾಳೆ, ನೋಡು." ನನ್ನ ಮನೆಯನ್ನ ಒಂದು ಸುತ್ತು ನೋಡಿ ಚೆನ್ನಾಗಿದೆ ಅಂದವಳು ಆಮೇಲೆ ಆ ಮಾತು ಎತ್ತಲಿಲ್ಲ. ಗಾಜಿನ ಮನೆಯಲ್ಲಿ ಬೋರ್ಡಿನ ಮುಂದೆ ಕೋಲೂರಿ ನಿಂತು ಪೂರ್ತಿ ಓದಿದಳು. "ಇದು ದೊಡ್ಡವಳ ಮಾತು. ಅವಳ ಹೆಸರೆಲ್ಲಿ?"

ಈಗ ಹತ್ತನೇ ತಾರೀಖಿನ ವಿಷಯ. ಅತಿಥಿಗಳು ಬಂದರು, ಎರಡು ಶಾಲೆಯ ಮಕ್ಕಳು ಬಂದರು. ಅರವತ್ತು ಕುರ್ಚಿ ತುಂಬಿತ್ತು. ಅಮ್ಮ ಮೊದಲ ಸಾಲಿನಲ್ಲಿ, ನಾನು ಕೊಟ್ಟ ಚಪ್ಪಲಿ ಹಾಕಿಕೊಂಡು. ಎಂಟೂವರೆಗೆ ಹಸಿರು ಕೋಶ ಒಡೆಯೋಕೆ ಶುರುವಾಯ್ತು. ಐದಾರು ಚಿಟ್ಟೆ ಬಂದವು. ಆಮೇಲೆ ಕಪಾಟಿನ ಗಾಜಿನ ಮೇಲೆ ಒಳಗಡೆ ಏನೋ ಕಪ್ಪಗೆ ಹರಿದಾಡೋದು ಕಾಣಿಸಿತು. ಮೊದಲು ಧೂಳು ಅಂದುಕೊಂಡೆ. ಒಂದು ಮಗು ಗಾಜಿಗೆ ಮೂಗು ಹಚ್ಚಿ ಕೇಳಿತು, "ಇವು ಚಿಟ್ಟೆ ಮರಿಗಳಾ?"

ಕಂದು ಕೋಶಗಳಿಂದ ಕಣಜ ಬರ್ತಿದ್ದವು, ಅಕ್ಕ. ಒಂದರಿಂದ ನೂರು, ಇನ್ನೊಂದರಿಂದ ನೂರು. ಗಾಜೆಲ್ಲ ಎಳ್ಳು ಚೆಲ್ಲಿದ ಹಾಗೆ. ಗಾಬರಿಯಲ್ಲಿ ಕೆಲಸದಾಕೆ ಕಪಾಟಿನ ಬಾಗಿಲು ತೆಗೆದಳು, ಅರ್ಧ ಹೊರಗೆ ಹಾರಿತು. ಅತಿಥಿ ಮುಖದ ಮುಂದೆ ಕೈ ಬೀಸುತ್ತಾ ಹೊರಗೆ ಹೋದರು. ಸಮಿತಿಯ ಅಧ್ಯಕ್ಷರು ಎಲ್ಲರೆದುರೇ ಕೇಳಿದರು: ಇದನ್ನ ಕಳಿಸಿದ್ದು ಯಾರು, ನೋಡಿ ತೆಗೆದುಕೊಂಡದ್ದು ಯಾರು. ನಾನು ನೋಡಿರಲಿಲ್ಲ. ಅಮ್ಮ ಬಂದ ಸಂಭ್ರಮ ಇತ್ತು, ಮೇಲಾಗಿ ಅದು ನಿನ್ನ ಡಬ್ಬ. ಗರಿ ಕೈಗೇ ತೆಗೆದುಕೊಂಡಿರಲಿಲ್ಲ.

ನಾನು ಬಾಯಿ ತೆರೆಯೋ ಮೊದಲೇ ಅಮ್ಮ ಎದ್ದು ನಿಂತಳು. "ತಪ್ಪು ನನ್ನದು. ಕೋಶದ ತಟ್ಟೆಗಳನ್ನ ನಾನೇ ಮಾಳಿಗೆಯಲ್ಲಿ ಬಲೆಯಿಂದ ಹೊರಗೆ ಇಟ್ಟಿದ್ದೆ, ಗಾಳಿ ಆಡಲಿ ಅಂತ. ದೊಡ್ಡವಳಿಗೆ ಗೊತ್ತಿಲ್ಲ. ವಯಸ್ಸಾಯ್ತು, ಮರೆವು." ಅಷ್ಟು ಹೇಳಿ ಕೂತಳು. ಎಪ್ಪತ್ತೇಳು ವರ್ಷದ ಮುದುಕಿಗೆ ಯಾರು ಏನು ಹೇಳ್ತಾರೆ?

ಗಾಜಿನ ಮನೆ ಮುಚ್ಚಿದೆ. ಒಂದೊಂದು ಗಿಡ, ಒಂದೊಂದು ಎಲೆ ನೋಡಬೇಕು. ಸಮಿತಿ ಮುಂದಿನ ತಿಂಗಳು ಸೇರುತ್ತೆ.

ಅಮ್ಮ ಮಾಳಿಗೆ ಹತ್ತುತ್ತಿದ್ದಾಳೆ ಅಂತ ನೀನು ಬರೆದೇ ಇರಲಿಲ್ಲ. ಮಂಡಿ ಅಷ್ಟು ವಾಸಿಯಾಗಿದ್ದರೆ ಸಂತೋಷ.

ತಂಗಿ


ಮೇ ೧೫

ದೊಡ್ಡವಳಿಗೆ,

ಕನ್ನಡಕ ಸರಿಯಿಲ್ಲ, ಅಕ್ಷರ ಸೊಟ್ಟ ಬಂದರೆ ಹೊಂದಿಸಿಕೊಂಡು ಓದು. ಇಲ್ಲಿ ಲಿಫ್ಟಿನಲ್ಲಿ ಹೋಗೋದು ಬರೋದು ಅಭ್ಯಾಸವಾಯ್ತು. ಬಾತ್‌ರೂಮಿನ ನೆಲ ಜಾರುತ್ತೆ. ಗಿಣಿ ಒಳ್ಳೆ ಹುಡುಗಿ, ಆದರೆ ಮಾತ್ರೆ ಕೊಡೋದು ಮರೀತಾಳೆ, ನಾನೇ ಕೇಳಿ ತಗೋತೀನಿ. ಹುಳಕ್ಕೆ ಹಳೇ ಎಲೆ ಹಾಕಬೇಡ. ಬಲೆ ಎಲ್ಲಾದರೂ ಹರಿದಿದ್ದರೆ ಹೊಲಿ.

ಕೋಶದ ತಟ್ಟೆ ಬಲೆಯಿಂದ ಹೊರಗೆ ಇಟ್ಟದ್ದು ನಾನು ಅಂತ ಇಲ್ಲಿ ಎಲ್ಲರಿಗೂ ಹೇಳಿದ್ದೀನಿ. ಯಾರಾದರೂ ಕೇಳಿದರೆ ನೀನೂ ಹಾಗೇ ಹೇಳು. ಮಾತು ಬೆಳೆಸೋದು ಬೇಡ.

ಹೊಟ್ಟೆಗೆ ಸರಿಯಾಗಿ ತಿನ್ನು.

ಅಮ್ಮ


ಜೂನ್ ೧೧

ತಂಗೀ,

ಇದನ್ನ ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ಅಮ್ಮ ಮಾಳಿಗೆ ಹತ್ತಿಲ್ಲ. ಅದು ನಿನಗೆ ಗೊತ್ತು. ಮಂಡಿ ವಾಸಿಯಾಗಿದ್ದರೆ ಸಂತೋಷ ಅಂತ ನೀನು ಬರೆದ ಸಾಲು ಓದಿದಾಗಲೇ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಇವರೂ ಒಂದು ದಿನ ಊಟದ ನಡುವೆ ಕೇಳಿದರು, "ನಿಮ್ಮಮ್ಮ ಯಾವಾಗ ಮೇಲೆ ಹತ್ತಿದ್ದು?" ನಾನು ತಟ್ಟೆ ತೊಳೆಯೋಕೆ ಎದ್ದೆ. ಅವರು ಮತ್ತೆ ಕೇಳಲಿಲ್ಲ. ನಿಮ್ಮಿಬ್ಬರ ಜಗಳ ಹೊರೋಕೆ ಬಸ್ಸು ಸಾಲೋದಿಲ್ಲ, ಲಾರಿ ಬೇಕು ಅಂತ ನಗಿಸ್ತಿದ್ದ ಮನುಷ್ಯ ಈಗ ಆ ತಮಾಷೆಯನ್ನೂ ಬಿಟ್ಟಿದ್ದಾರೆ.

ನಡೆದದ್ದು ಹೀಗೆ. ಏಪ್ರಿಲ್ ಇಪ್ಪತ್ತರ ಸುಮಾರಿಗೆ ಗಾಳಿಗೆ ಬಲೆಯ ಮೂಲೆ ಹರಿದಿತ್ತು, ಅದು ನಿಜವಾಗಿ ನಡೆದದ್ದೇ. ನಾನು ಗಮನಿಸೋ ಹೊತ್ತಿಗೆ ಆ ಸರತಿಯ ಕೋಶಗಳಲ್ಲಿ ಅರವತ್ತಕ್ಕೆ ಕಣಜ ಬಿದ್ದಿತ್ತು. ಬೇರೆಯವು ಒಡೆದು ಹೋದರೂ ಆ ಅರವತ್ತು ಮಂಕಾಗಿ ಉಳಿದವು. ಗರಿ ಮುಟ್ಟಿಸಿದರೆ ಅಲ್ಲಾಡಲಿಲ್ಲ. ಬಿಸಿನೀರಿಗೆ ಹಾಕಬೇಕು ಅಂತ ಮುಚ್ಚಳದ ಡಬ್ಬಿಯಲ್ಲಿ ಬೇರೆ ಇಟ್ಟಿದ್ದೆ.

ಅಮ್ಮ ಹೊರಡೋ ದಿನ ಬೆಳಗ್ಗೆ ಅವಳ ತಲೆ ಬಾಚುತ್ತಿದ್ದೆ. ಸಿಕ್ಕು ಬಿಡಿಸುವಾಗ ಸ್ವಲ್ಪ ಎಳೆದಿರಬೇಕು. "ಮೆಲ್ಲಗೆ. ಗಿಣಿ ಕೈ ಹಗುರ," ಅಂದಳು. ನೀನು ಅವಳ ತಲೆ ಬಾಚಿ ಹನ್ನೊಂದು ವರ್ಷವಾಯ್ತು ತಂಗಿ. ದಿನಾ ಎರಡು ಹೊತ್ತು ಬಾಚಿದ ಕೈ ನನ್ನದು. ಜಡೆ ಹಾಕಿ ಮುಗಿಸಿದೆ, ಕನ್ನಡಿ ತೋರಿಸಿದೆ. ಆಮೇಲೆ ಮೇಲೆ ಹೋಗಿ, ನಿನಗೆ ಅಂತ ಆರಿಸಿಟ್ಟಿದ್ದ ಇನ್ನೂರರಲ್ಲಿ ಅರವತ್ತನ್ನ ತೆಗೆದು ಪಕ್ಕಕ್ಕಿಟ್ಟು, ಆ ಸತ್ತ ಅರವತ್ತನ್ನ ಕಂದು ಕೋಶಗಳ ನಡುವೆ ಜೋಡಿಸಿದೆ. ಕಂದಿನಲ್ಲಿ ಕಂದು ಗೊತ್ತಾಗೋದಿಲ್ಲ ಅಂತ ತಿಳಿದೇ ಜೋಡಿಸಿದೆ. ಒಂದನ್ನೂ ಬೀಳಿಸಲಿಲ್ಲ.

ಆ ದಿನವೇ ಒಡೆಯುತ್ತೆ ಅಂತ ಗೊತ್ತಿರಲಿಲ್ಲ ಅಂತ ಬರೆದು ಮೊದಲ ಕಾಗದ ಹರಿದೆ. ಗೊತ್ತಿತ್ತು. ದಿನ ಎಣಿಸಿದ್ದೆ. ಅಮ್ಮ ಮೊದಲ ಕುರ್ಚಿಯಲ್ಲಿ ಕೂತು ನಿನ್ನ ಕೈಯಿಂದ ಚಿಟ್ಟೆ ಹಾರೋದನ್ನ ನೋಡಬಾರದು, ಅಷ್ಟೇ ನನಗೆ ಬೇಕಾಗಿತ್ತು. ನಿನ್ನ ಕೆಲಸ, ಆ ಮಕ್ಕಳು, ಯಾವುದೂ ತಲೆಗೆ ಬರಲಿಲ್ಲ. ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ ಅಂತಾರೆ. ನನ್ನದಕ್ಕೆ ಕಣ್ಣಿತ್ತು. ಎಲ್ಲ ನೋಡಿಕೊಂಡೇ ಮಾಡಿತು.

ಅಮ್ಮನಿಗೆ ಹೇಗೆ ಗೊತ್ತಾಯಿತೋ. ಒಂದು ಸತ್ತ ಕೋಶವನ್ನ ನಾನು ಗುರುತಿಸದೇ ಇರೋದಿಲ್ಲ ಅಂತ ಅವಳಿಗೆ ಗೊತ್ತು, ಕಲಿಸಿದವಳೇ ಅವಳು. ಒಂದು ಹೊತ್ತಿನ ಮಾತ್ರೆ ಮರೆತೆ ಅಂತ ಒಪ್ಪಿಕೊಳ್ಳದವಳು, ಅರವತ್ತು ಜನರ ಮುಂದೆ ಮರೆವು ಅಂದಳಲ್ಲ.

ಇದರ ಜೊತೆ ಸಮಿತಿಗೆ ಒಂದು ಕಾಗದ ಇದೆ. ನಡೆದದ್ದನ್ನ ನಡೆದ ಹಾಗೇ ಬರೆದಿದ್ದೀನಿ. ನಿನಗೆ ಗೊತ್ತಿರಲಿಲ್ಲ, ಅಮ್ಮನದು ಏನೂ ಇಲ್ಲ ಅಂತಲೂ ಬರೆದಿದ್ದೀನಿ. ಕೊಡೋದು ಬಿಡೋದು ನಿನ್ನಿಷ್ಟ. ಕ್ಷಮಿಸು ಅಂತ ಕೇಳೋಕೆ ನನಗೆ ಬಾಯಿ ಬರ್ತಿಲ್ಲ.

ಅಕ್ಕ


ಜುಲೈ ೨

ಅಕ್ಕಾ,

ಕಾಗದ ಸಮಿತಿಗೆ ಕೊಟ್ಟೆ. ಒಂದಕ್ಷರ ತಿದ್ದಲಿಲ್ಲ.

ಒಂದು ವರ್ಷ ನಿನ್ನ ಮಾಳಿಗೆಯಿಂದ ಕೋಶ ತರಿಸೋದಿಲ್ಲ ಅಂತ ತೀರ್ಮಾನವಾಯ್ತು. ನೋಡದೆ ತೆಗೆದುಕೊಂಡದ್ದು ನನ್ನ ತಪ್ಪು ಅಂತ ನನ್ನನ್ನ ಮೇಲ್ವಿಚಾರಣೆಯಿಂದ ಇಳಿಸಿದರು. ಕೆಲಸ ಇದೆ, ಕುರ್ಚಿ ಹೋಯ್ತು. ಬಾಗಿಲ ಮೇಲಿನ ನನ್ನ ಹೆಸರಿನ ಫಲಕವನ್ನ ನಾನೇ ಮೊಳೆ ಕಿತ್ತು ತೆಗೆದೆ. ನಿನ್ನ ಮೇಲೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತೆ. ಐದು ವಾರ ಒಂದೊಂದೇ ಎಲೆ ಮಗುಚಿ ನೋಡಿದ್ದೀನಿ, ಒಂದೊಂದು ಎಲೆಗೂ ನಿನ್ನನ್ನ ಬೈದಿದ್ದೀನಿ. ಗಾಜಿನ ಮೇಲೆ ಮೊದಲ ಕಣಜ ಕಂಡಾಗಲೇ ನನಗೂ ಗೊತ್ತಾಗಿತ್ತು. ನೀನು ಯಾವತ್ತು ಬರೀತೀಯ ಅಂತ ಕಾಯ್ತಿದ್ದೆ. ಬರೆಯದೇ ಇದ್ದಿದ್ದರೆ ಏನು ಮಾಡ್ತಿದ್ದೆನೋ ಗೊತ್ತಿಲ್ಲ.

ಈಗ ಅಮ್ಮನ ವಿಷಯ. ಸಮಿತಿಯವರು ನಿನ್ನ ಕಾಗದ ಓದಿದರು ಅಂತ ತಿಳಿದ ಮೇಲೆ ನನ್ನ ಮೇಲೆ ಮುನಿದಳು. ಮೂರು ದಿನ ಗೋಡೆ ನೋಡಿಕೊಂಡು ಊಟ ಮಾಡಿದಳು. ನಾಲ್ಕನೇ ದಿನ, "ಇಬ್ಬರೂ ಸೇರಿ ಊರ ಮುಂದೆ ನನ್ನನ್ನ ಸುಳ್ಳಿ ಮಾಡಿದಿರಿ," ಅಂದಳು. ಹೇಳಿದ್ದು ಸುಳ್ಳೇ ಅಲ್ಲವಾ ಅಮ್ಮ ಅಂದೆ. "ಅದು ಬೇರೆ ಮಾತು," ಅಂದಳು.

ನಿನಗೆ ನೆನಪಿದೆಯಾ ಅಕ್ಕ, ನನಗೆ ಹದಿನಾಲ್ಕು ವರ್ಷ ಇದ್ದಾಗ ನರ್ಸರಿಯಲ್ಲಿ ನಲ್ಲಿ ನಿಲ್ಲಿಸದೆ ಬಂದು ಒಂದು ಮಡಿ ಸಸಿ ಪೂರ್ತಿ ಕೊಳೆತುಹೋಯ್ತಲ್ಲ. ಯಾರೂ ನನ್ನನ್ನ ನೋಡಿರಲಿಲ್ಲ. ಅಮ್ಮ ಕೈ ಹಿಡಿದು ಮಾಲೀಕರ ಮುಂದೆ, ಎಲ್ಲ ಕೆಲಸದವರ ಮುಂದೆ ನಿಲ್ಲಿಸಿ "ಹೇಳು" ಅಂದಳು. ನಾನು ಹೇಳೋ ತನಕ ಕೈ ಬಿಡಲಿಲ್ಲ. ಇವಳಿಗೆ ಸುಳ್ಳು ಹೇಳೋಕೆ ಬರೋದೇ ಇಲ್ಲ ಅಂತ ಅಂದಿನಿಂದ ನಂಬಿಕೊಂಡಿದ್ದೆ. ಅದರಲ್ಲಿ ನನಗೆ ಒಂಥರಾ ಹೆಮ್ಮೆಯೂ ಇತ್ತು. ಈಗ ನೋಡಿದರೆ ಬರುತ್ತೆ. ಎಷ್ಟು ಚೆನ್ನಾಗಿ ಬರುತ್ತೆ. ಎದ್ದು ನಿಲ್ಲೋಕೆ ಆಗದ ಮಂಡಿ ಇಟ್ಟುಕೊಂಡು, ಯಾರ ಕೈಯೂ ಹಿಡಿಯದೆ ಎದ್ದು ನಿಂತು ಹೇಳಿದಳು.

ನಿನ್ನೆ ಅವಳ ತಲೆ ಬಾಚುತ್ತಾ ಕೇಳಿದೆ, ಯಾಕಮ್ಮ ಹಾಗೆ ಮಾಡಿದೆ ಅಂತ.

"ದೊಡ್ಡವಳು ನನ್ನ ಕೈ ಇದ್ದ ಹಾಗೆ. ಕೈ ತಪ್ಪು ಮಾಡಿತು ಅಂತ ಊರಿಗೆ ತೋರಿಸ್ತಾರಾ?"

"ಮತ್ತೆ ನಾನು?"

"ನೀನು ಬಂದರೆ ಹಬ್ಬ ಕಣೇ," ಅಂದಳು. ಹೊಗಳಿಕೆ ಅಂತಲೇ ಹೇಳಿದ್ದು. ಹೇಳಿ ನಕ್ಕಳು ಕೂಡ.

ನಾನು ಜಡೆ ಹಾಕಿ ಮುಗಿಸಿದೆ. ನೀನು ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದನ್ನೆಲ್ಲ ಬರೆದೆ, ಓದಿ ಕೋಪ ಬಂತು, ಆಮೇಲೆ ಸ್ವಲ್ಪ ಅಯ್ಯೋ ಅನ್ನಿಸಿತು. ಈಗ ನನ್ನದನ್ನೂ ಓದು. ಚಪ್ಪಲಿ, ಪತ್ರಿಕೆಯ ತುಂಡು, ಆ ಗಿಣಿ ಅನ್ನೋ ಹೆಸರು, ಎಲ್ಲವನ್ನೂ ನೀನೇ ಇಟ್ಟುಕೋ. ನನ್ನ ಮೇಲೆ ರೇಗೋದಕ್ಕೂ ಅವಳಿಗೆ ಸಲಿಗೆ ಇಲ್ಲ. ಮಾತ್ರೆ ಕೊಡೋದು ಮರೆತರೆ ನಿನಗಾಗಿದ್ದರೆ ನಾಲ್ಕು ಬೈತಿದ್ದಳು. ನನ್ನ ಹತ್ತಿರ "ಪರವಾಗಿಲ್ಲ ಬಿಡಮ್ಮ" ಅಂತಾಳೆ, ನೆಂಟರ ಮನೆಯಲ್ಲಿ ಅಂದ ಹಾಗೆ.

ಭಾನುವಾರ ಭಾವನ ಬಸ್ಸಿಗೆ ಹೊರಡ್ತೀವಿ. ಅಮ್ಮ ಒಬ್ಬಳೇ ಅಲ್ಲ, ನಾನೂ ಬರ್ತೀನಿ. ಒಂದು ತಿಂಗಳು ರಜೆ ಹಾಕಿದ್ದೀನಿ. ನಿನ್ನ ಜೊತೆ ಹೇಗೆ ಮಾತಾಡೋದು ಅಂತ ಇನ್ನೂ ಗೊತ್ತಿಲ್ಲ, ಮೊದಲ ಎರಡು ದಿನ ಮಾತಿಲ್ಲದೆ ಹೋದರೂ ಹೋಗಲಿ. ಮಾಳಿಗೆ ಗುಡಿಸೋದು ನನಗೆ ಬಿಡು. ಅಮ್ಮನ ಮಾತ್ರೆ, ಎಣ್ಣೆ, ತಲೆ ಬಾಚೋದು ಕೂಡ. ಎಷ್ಟು ದಿನ ಇದ್ದರೆ ಅವಳು ನನಗೂ ಬೈಯೋಕೆ ಶುರು ಮಾಡ್ತಾಳೆ, ನೋಡಬೇಕು.

ನಿನ್ನ
ತಂಗಿ